ತೆಂಪುರಾ ಬಾರಿಗೆ ಹೋದಾಗ: ಏನು ಹೇಳಬೇಕು, ಎಷ್ಟು ಹೇಳಬೇಕು, ಯಾವಾಗ ತಿನ್ನಬೇಕು

ಪ್ರಶ್ನೆ: ಕೆಲಸದ ಮೇಲೆ ಒಸಾಕಾ, ಟೋಕಿಯೊಗೆ ಹೋಗುತ್ತಿದ್ದೇನೆ. ಹೆಂಡತಿಯೂ ಜೊತೆಗೆ ಬರುತ್ತಿದ್ದಾಳೆ. ದುಬಾರಿ ಹೋಟೆಲಿನ ತೆಂಪುರಾ ಊಟ ನಮಗೆ ಬೇಡ. ಅಲ್ಲಿನ ಜನ ಆಫೀಸು ಮುಗಿಸಿ ಹೋಗಿ ಕೂರುವಂಥ ಸಣ್ಣ ತೆಂಪುರಾ ಬಾರಿಗೆ ಹೋಗಬೇಕೆಂದು ಆಸೆ. ಅಲ್ಲಿ ಹೇಗೆ ಆರ್ಡರ್ ಮಾಡುವುದು, ಯಾವುದು ಮೊದಲು, ಎಷ್ಟು? ಉಪ್ಪು ಹಚ್ಚಿಕೊಳ್ಳಬೇಕೋ, ಅವರು ಕೊಡುವ ಸಾರಿಗೆ ಅದ್ದಬೇಕೋ? ನಾನು ಮೀನು, ಸೀಗಡಿ, ಕೋಳಿ ತಿನ್ನುತ್ತೇನೆ. ಹೆಂಡತಿ ಪೂರ್ತಿ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವಳಿಗೆ ಅಲ್ಲಿ ಏನಾದರೂ ಸಿಗುತ್ತದೆಯೇ?

ಉತ್ತರ: ತೆಂಪುರಾ, ಅಂದರೆ ಮೀನು, ಸೀಗಡಿ, ತರಕಾರಿಯನ್ನು ತೆಳು ಹಿಟ್ಟಿನಲ್ಲಿ ಅದ್ದಿ ಕರಿದ ಜಪಾನಿ ತಿನಿಸು, ಎಣ್ಣೆಯಿಂದ ಮೇಲೆ ಬಂದ ಮೇಲೆ ಅದರ ಒಳ್ಳೆಯ ಕಾಲ ಒಂದೆರಡು ನಿಮಿಷ, ಅಷ್ಟೇ. ಯಾವುದು ಮೊದಲು, ಒಂದು ಸಲಕ್ಕೆ ಎಷ್ಟು, ಎಲ್ಲಿ ಕೂರುವುದು, ಉಪ್ಪೋ ಸಾರೋ ಎಂಬ ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಆ ಎರಡು ನಿಮಿಷದಲ್ಲೇ ಇದೆ. ಆದ್ದರಿಂದ ಬಾಣಲೆಯಲ್ಲಿ ಏನು ನಡೆಯುತ್ತದೆ ಎನ್ನುವುದನ್ನು ಮೊದಲು ಹೇಳಿ ಮುಂದಕ್ಕೆ ಹೋಗುವುದು ಒಳ್ಳೆಯದು.

ನಮ್ಮ ಬಜ್ಜಿಯ ಹಿಟ್ಟಿಗೆ ತನ್ನದೇ ರುಚಿ ಇದೆ: ಕಡಲೆಹಿಟ್ಟು, ಖಾರದ ಪುಡಿ, ಓಮ, ಇಂಗು, ಉಪ್ಪು. ತೆಂಪುರಾದ ಹಿಟ್ಟಿಗೆ ಉಪ್ಪೂ ಇಲ್ಲ, ಮಸಾಲೆಯೂ ಇಲ್ಲ. ಜಿಗುಟು ಕಡಿಮೆ ಇರುವ ಗೋಧಿಹಿಟ್ಟು, ಮೊಟ್ಟೆ, ತಣ್ಣಗೆ ಕೊರೆಯುವ ನೀರು, ಮೂರೇ ಸಾಮಾನು. ಅಳತೆಯೂ ಸುಲಭ. ಒಂದು ಮೊಟ್ಟೆಗೆ ನೀರು ಸೇರಿಸಿ 200 ಮಿಲಿಲೀಟರ್ ಮಾಡಿಕೊಂಡರೆ, ಅದೇ ಲೋಟದ ತುಂಬ ಹಿಟ್ಟು, ಅಂದರೆ ಸುಮಾರು 100 ಗ್ರಾಂ. ದಪ್ಪ ಕಡ್ಡಿಗಳಿಂದ ಹತ್ತಿಪ್ಪತ್ತು ಸಲ ಕುಟ್ಟಿದಂತೆ ಕಲಸಿ ಬಿಟ್ಟುಬಿಡುತ್ತಾರೆ. ಮೇಲೆ ಒಣಹಿಟ್ಟು ತೇಲುತ್ತಿರುತ್ತದೆ, ಗಂಟುಗಳೂ ಇರುತ್ತವೆ. ಅದು ಸೋಮಾರಿತನ ಅಲ್ಲ. ಚೆನ್ನಾಗಿ ಕಲಸಿದರೆ, ಅಥವಾ ನೀರು ಬೆಚ್ಚಗಾದರೆ, ಗೋಧಿಯಲ್ಲಿರುವ ಗ್ಲುಟೆನ್ ಎಳೆ ಕಟ್ಟಿಕೊಳ್ಳುತ್ತದೆ. ಆಗ ಹೊದಿಕೆ ಗರಿಗರಿಯಾಗುವ ಬದಲು ನಾರಾಗುತ್ತದೆ. ಅದಕ್ಕಾಗಿಯೇ ಒಳ್ಳೆಯ ಅಂಗಡಿಯಲ್ಲಿ ಒಂದೇ ಪಾತ್ರೆಯ ಹಿಟ್ಟನ್ನು ರಾತ್ರಿಯಿಡೀ ಇಟ್ಟುಕೊಳ್ಳುವುದಿಲ್ಲ, ಸ್ವಲ್ಪ ಸ್ವಲ್ಪವೇ ಕಲಸುತ್ತ ಹೋಗುತ್ತಾರೆ.

ಈ ತೆಳು ಹೊದಿಕೆಯ ಕೆಲಸ ಒಂದೇ: ಒಳಗಿನ ತರಕಾರಿಯೋ ಮೀನೋ ತನ್ನ ನೀರಿನಲ್ಲೇ ಬೇಯುವಂತೆ ಮಾಡುವುದು. ಎಣ್ಣೆಗೆ ಬಿದ್ದ ಕೂಡಲೇ ಹೊದಿಕೆಯ ನೀರು ಆವಿಯಾಗಿ ಹೊರಕ್ಕೆ ನುಗ್ಗುತ್ತದೆ. ನಿಮಗೆ ಕೇಳುವ ಚುರ್ ಸದ್ದು, ಕಾಣುವ ಗುಳ್ಳೆ ಅದೇ. ಆವಿ ಹೊರಕ್ಕೆ ನುಗ್ಗುತ್ತಿರುವವರೆಗೆ ಎಣ್ಣೆ ಒಳಕ್ಕೆ ಹೋಗಲಾರದು. ಎತ್ತಿದ ಮೇಲೆ ಆವಿ ನಿಲ್ಲುತ್ತದೆ, ಹೊದಿಕೆ ತಣಿಯುತ್ತದೆ, ಮೇಲ್ಮೈಯ ಎಣ್ಣೆ ಆಗ ಒಳಗೆ ಇಳಿಯುತ್ತದೆ. ಇತ್ತ ಒಳಗಿನ ತೇವ ಹೊರಗೆ ಬಂದು ಹೊದಿಕೆಯನ್ನು ಮೆತ್ತಗೆ ಮಾಡುತ್ತದೆ. ಕರಿದದ್ದು ಎಣ್ಣೆ ಕುಡಿಯುವುದು ಬಾಣಲೆಯಲ್ಲಿರುವಾಗ ಕಡಿಮೆ, ಹೊರಗೆ ಬಂದು ತಣಿಯುವಾಗ ಹೆಚ್ಚು. ಒಂದೇ ಬಾಣಲೆಯ ಎರಡು ಬದನೆ ಹೋಳುಗಳಲ್ಲಿ ಒಂದನ್ನು ಆಗಲೇ ತಿಂದು, ಇನ್ನೊಂದನ್ನು ಹತ್ತು ನಿಮಿಷ ಬಿಟ್ಟು ತಿಂದರೆ, ಎರಡನೆಯದು ಬೇರೆ ಅಂಗಡಿಯದು ಎನಿಸುತ್ತದೆ.

ಇನ್ನು ಅಂಗಡಿಯ ವಿಚಾರ. ತೆಂಪುರಾ ಮೊದಲಿಗೆ ಬೀದಿಯ ತಿಂಡಿಯೇ ಆಗಿತ್ತು. ಎದೊ ಕಾಲದಲ್ಲಿ, ಅಂದರೆ ಟೋಕಿಯೊಗೆ ಎದೊ ಎಂಬ ಹೆಸರಿದ್ದಾಗ, ಕೊಲ್ಲಿಯಲ್ಲಿ ಹಿಡಿದ ಸಣ್ಣ ಮೀನು, ಸೀಗಡಿಗಳನ್ನು ಕಡ್ಡಿಗೆ ಚುಚ್ಚಿ ಕರಿದು ತಳ್ಳುಗಾಡಿಯಲ್ಲಿ ಮಾರುತ್ತಿದ್ದರು. ಜನ ನಿಂತೇ ತಿಂದು ಹೋಗುತ್ತಿದ್ದರು. ಒಬ್ಬರಿಗೆ 15,000 ಯೆನ್‌ಗೂ ಮೇಲೆ ಬಿಲ್ಲಾಗುವ ಕೌಂಟರ್ ಊಟ ಬಂದದ್ದು ಆಮೇಲೆ. ಹಾಗಾಗಿ ನೀವು ಹುಡುಕುತ್ತಿರುವ ಸಣ್ಣ ಬಾರು ಅಗ್ಗದ ನಕಲಲ್ಲ, ತೆಂಪುರಾದ ಹಳೆಯ ರೂಪಕ್ಕೆ ಅದೇ ಹತ್ತಿರ.

ಇಂಥ ಜಾಗಗಳಲ್ಲಿ ಸುಮಾರಾಗಿ ಮೂರು ಬಗೆ. ಮೊದಲನೆಯದು ತಾಚಿನೊಮಿ, ನಿಂತು ಕುಡಿಯುವ ಬಾರು. ಒಂದೊಂದು ತುಂಡಿಗೂ ಬೇರೆ ಬೆಲೆ. ಎರಡನೆಯದು ಕೂರುವ ಕೌಂಟರ್ ಬಾರು: ಎಂಟು ಹತ್ತು ಸ್ಟೂಲು, ಎದುರಿಗೇ ಬಾಣಲೆ, ಜೊತೆಗೆ ಒಂದಿಷ್ಟು ತಣ್ಣನೆ ತಿನಿಸು. ಮೂರನೆಯದು ಊಟದ ಅಂಗಡಿ: ಅನ್ನ, ಮಿಸೊ ಸೂಪು, ಉಪ್ಪಿನಕಾಯಿಯ ಜೊತೆ ತೆಂಪುರಾವನ್ನು ಒಂದೊಂದಾಗಿ ಕರಿದು ತಟ್ಟೆಗೆ ಹಾಕುತ್ತ ಹೋಗುತ್ತಾರೆ. ಫುಕುಓಕಾದ ಹಿರಾಓ, ಒಸಾಕಾ ಕಡೆಯ ಮಾಕಿನೊ ಈ ಬಗೆಯವು. ಬಾಗಿಲ ಬಳಿ ಟಿಕೆಟ್ ಯಂತ್ರ ಇದ್ದರೆ ಮೊದಲು ದುಡ್ಡು ಹಾಕಿ ಚೀಟಿ ತೆಗೆದುಕೊಂಡು ಕೂರಬೇಕು. ತೆನ್ಯಾ ಎಂಬ ಸರಣಿ ಅಂಗಡಿಗಳು ಟೋಕಿಯೊ ತುಂಬ ಇವೆ. ಅನ್ನದ ಮೇಲೆ ತೆಂಪುರಾ ಇಟ್ಟು ಸಿಹಿ ಸೋಯಾ ರಸ ಹಾಕಿ ಕೊಡುವ ತೆನ್‌ದೊನ್ ಅಲ್ಲಿ ಮುಖ್ಯ. ಹೊಟ್ಟೆ ತುಂಬಬೇಕಾದರೆ ಅದು ಚೆನ್ನ, ಆದರೆ ನೀವು ಕೇಳುತ್ತಿರುವ ಸಂಜೆ ಅಲ್ಲಿಲ್ಲ. ಅದಕ್ಕೆ ಒಸಾಕಾದಲ್ಲಿ ತೆನ್ಮಾ, ಕ್ಯೊಬಾಶಿ, ಉಮೆದಾ ಸ್ಟೇಷನ್ ಎದುರಿನ ಹಳೆಯ ಆಫೀಸು ಕಟ್ಟಡಗಳ ನೆಲಮಾಳಿಗೆಯಲ್ಲಿ ಹುಡುಕಿ. ಟೋಕಿಯೊದಲ್ಲಿ ಶಿಂಬಾಶಿ, ಕಾಂದಾ ಸುತ್ತಮುತ್ತ ನೋಡಿ.

ಒಸಾಕಾದ ಶಿನ್‌ಸೆಕಾಯ್ ಕಡೆ ಹೋದರೆ ಎಲ್ಲೆಲ್ಲೂ ಕಾಣುವುದು ಕುಶಿಕಾತ್ಸು. ಅದು ಬ್ರೆಡ್ ಪುಡಿ ಹಚ್ಚಿ ಕರಿದ ಕಡ್ಡಿ, ತೆಂಪುರಾ ಅಲ್ಲ. ಅಲ್ಲಿ ಎಲ್ಲರಿಗೂ ಒಂದೇ ಸಾಸ್ ಡಬ್ಬಿ ಇಡುವ ಪದ್ಧತಿ ಇದ್ದುದರಿಂದ ‘ಕಚ್ಚಿದ್ದನ್ನು ಎರಡನೇ ಸಲ ಅದ್ದಬೇಡಿ’ ಎಂಬ ಕಟ್ಟುನಿಟ್ಟಿನ ನಿಯಮ ಬಂತು. ತೆಂಪುರಾ ಬಾರಿನಲ್ಲಿ ಅದ್ದುವ ಬಟ್ಟಲು ನಿಮ್ಮದೇ, ಎಷ್ಟು ಸಲ ಅದ್ದಿದರೂ ಯಾರೂ ಏನೂ ಅನ್ನುವುದಿಲ್ಲ.

ಸಂಜೆ ಬಾಗಿಲು ತೆಗೆಯುವ ಹೊತ್ತಿಗೆ, ಸಾಮಾನ್ಯವಾಗಿ ಐದೂವರೆಯೊಳಗೆ, ಹೋಗಿ. ಆಗ ಜಾಗವೂ ಸಿಗುತ್ತದೆ, ಎಣ್ಣೆಯೂ ಹೊಸದು. ಒಳಗೆ ಕಾಲಿಟ್ಟು ಎರಡು ಬೆರಳು ತೋರಿಸಿ ನಿಲ್ಲಿ. ಅವರು ಹೇಳಿದ ಮೇಲೆ ಕೂರಿ. ಟೇಬಲ್ಲೂ ಖಾಲಿ ಇದ್ದು ಕೌಂಟರೂ ಖಾಲಿ ಇದ್ದರೆ ಕೌಂಟರನ್ನೇ ಕೇಳಿ. ಬಾಣಲೆಯಿಂದ ನಿಮ್ಮ ತಟ್ಟೆಗೆ ಒಂದು ಕೈಯಳತೆ ದೂರ. ಟೇಬಲ್ಲಿಗಾದರೆ ಬೇರೆ ತಟ್ಟೆಗಳ ಜೊತೆ ಕಾದು ಬರಬೇಕು. ಕೋಟು, ಚೀಲಕ್ಕೆ ಸ್ಟೂಲಿನ ಕೆಳಗೆ ಬುಟ್ಟಿ ಇರುತ್ತದೆ. ಬಟ್ಟೆಗೆ ಎಣ್ಣೆಯ ವಾಸನೆ ಹತ್ತಿಯೇ ಹತ್ತುತ್ತದೆ, ಮರುದಿನ ಮೀಟಿಂಗಿಗೆ ಬೇಕಾದ ಕೋಟನ್ನು ರೂಮಿನಲ್ಲೇ ಬಿಟ್ಟು ಹೋಗಿ. ಸಿಗರೇಟಿನ ಹೊಗೆ ಆಗದಿದ್ದರೆ ಬಾಗಿಲ ಮೇಲಿನ ಚೀಟಿ ನೋಡಿ: 2020ರ ಏಪ್ರಿಲ್‌ನಿಂದ ಜಪಾನಿನ ಹೋಟೆಲುಗಳ ಒಳಗೆ ಸೇದುವುದಕ್ಕೆ ನಿಷೇಧ ಇದೆ, ಆದರೆ ಮೊದಲಿನಿಂದ ಇದ್ದ ಸಣ್ಣ ಅಂಗಡಿಗಳಿಗೆ ವಿನಾಯಿತಿ ಸಿಕ್ಕಿದೆ.

ಕೂತ ಕೂಡಲೇ ಒದ್ದೆ ಟವೆಲು ಬರುತ್ತದೆ. ಅದು ಕೈಗೆ, ಮುಖ, ಕತ್ತು ಒರೆಸಿಕೊಳ್ಳುವುದಕ್ಕಲ್ಲ. ಮೊದಲು ಕೇಳುವುದು ಪಾನೀಯ. ಬಾರಿನಲ್ಲಿ ಒಬ್ಬೊಬ್ಬರು ಒಂದಾದರೂ ಪಾನೀಯ ಹೇಳುವುದು ರೂಢಿ, ಮದ್ಯವೇ ಆಗಬೇಕೆಂದಿಲ್ಲ. ಊಲಾಂಗ್ ಚಹಾ, ಜಿಂಜರ್ ಏಲ್ ಎಲ್ಲ ಕಡೆ ಇರುತ್ತವೆ. ಮದ್ಯ ಕುಡಿಯುವವರಾದರೆ, ಕರಿದ ತಿನಿಸಿಗೆ ನಿಂಬೆ, ಸೋಡಾ ಬೆರೆಸಿದ ಮದ್ಯ, ಅಲ್ಲಿನವರು ಲೆಮನ್ ಸಾವರ್ ಎನ್ನುವುದು, ಬಿಯರಿಗಿಂತ ಚೆನ್ನಾಗಿ ಹೊಂದುತ್ತದೆ. ಹುಳಿ ನಾಲಿಗೆಯ ಜಿಡ್ಡು ತೆಗೆಯುತ್ತದೆ, ಹೊಟ್ಟೆಯೂ ಬೇಗ ತುಂಬುವುದಿಲ್ಲ. ಪಾನೀಯದ ಜೊತೆ ನೀವು ಹೇಳದೆಯೇ ಒಂದು ಪುಟ್ಟ ಬಟ್ಟಲು ತಿನಿಸು ಬಂದರೆ ಗಾಬರಿಯಾಗಬೇಡಿ. ಟೋಕಿಯೊದಲ್ಲಿ ಒತೊಶಿ, ಒಸಾಕಾದಲ್ಲಿ ತ್ಸುಕಿದಾಶಿ ಎನ್ನುತ್ತಾರೆ. ಅದು ಜಾಗದ ಬಾಡಿಗೆ ಇದ್ದ ಹಾಗೆ, ತಲೆಗೆ 300ರಿಂದ 500 ಯೆನ್. ಬಹಳ ಸಲ ಅದರಲ್ಲಿ ಮೀನು ಇರುತ್ತದೆ, ನಿಮ್ಮ ಮನೆಯವರು ಕೇಳದೆ ಬಾಯಿಗೆ ಇಡುವುದು ಬೇಡ.

ಈಗ ಆರ್ಡರ್. ಹೊಸಬರು ಮಾಡುವ ದೊಡ್ಡ ತಪ್ಪು ಎಂದರೆ ಮೆನು ಸಿಕ್ಕ ಖುಷಿಯಲ್ಲಿ ಎಂಟು ಹತ್ತು ಬಗೆಯನ್ನು ಒಟ್ಟಿಗೆ ಹೇಳುವುದು. ಎಲ್ಲವೂ ಒಂದೇ ಸಲ ಬಂದರೆ ಮೂರನೆಯದನ್ನು ಮುಗಿಸುವ ಹೊತ್ತಿಗೆ ಉಳಿದವು ಮೆತ್ತಗಾಗಿರುತ್ತವೆ. ಒಬ್ಬರಿಗೆ ಎರಡು, ಹೆಚ್ಚೆಂದರೆ ಮೂರು ತುಂಡು ಹೇಳಿ. ಅದು ತಟ್ಟೆಗೆ ಬಿದ್ದ ಕೂಡಲೇ ಮುಂದಿನ ಎರಡನ್ನು ಹೇಳಿ. ಕರಿಯುವುದಕ್ಕೆ ಮೂರರಿಂದ ಐದು ನಿಮಿಷ ಬೇಕಾದ್ದರಿಂದ ಲೆಕ್ಕ ಸರಿಹೋಗುತ್ತದೆ. ಮೊರಿಯಾವಸೆ ಎಂಬ ಬೆರಕೆ ತಟ್ಟೆ ಅಗ್ಗಕ್ಕೆ ಸಿಗುತ್ತದೆ. ಇಬ್ಬರು ಹಂಚಿಕೊಂಡು ಬೇಗ ತಿನ್ನುವುದಾದರೆ ಸರಿ, ಇಲ್ಲದಿದ್ದರೆ ಬಿಡಿಬಿಡಿಯಾಗಿ ಹೇಳುವುದೇ ಮೇಲು. ಕೆಲವು ಕಡೆ ಚೀಟಿಯಲ್ಲಿ ಬರೆದು ಕೊಡಬೇಕು, ಕೆಲವು ಕಡೆ ಫೋನಿನಲ್ಲಿ ಕ್ಯೂಆರ್ ಕೋಡ್. ಬಾಯಲ್ಲಿ ಹೇಳುವುದಾದರೆ ‘ಸುಮಿಮಾಸೆನ್’ ಎಂದು ಕರೆದು, ಮೆನುವಿನ ಮೇಲೆ ಬೆರಳಿಟ್ಟು ‘ಕೊರೆ, ಹಿತೊತ್ಸು’ ಎಂದರೆ ಇದು ಒಂದು, ‘ಫುತಾತ್ಸು’ ಎಂದರೆ ಎರಡು. ಆ ದಿನದ ಒಳ್ಳೆಯದು ಯಾವುದು ಎಂದು ಕೇಳಬೇಕಾದರೆ ‘ಒಸುಸುಮೆ ವಾ?’ ಸಾಕು. ಗೋಡೆಗೆ ಅಂಟಿಸಿದ ಕೈಬರಹದ ಚೀಟಿಗಳನ್ನು ಫೋನಿನ ಅನುವಾದಕದಲ್ಲಿ ನೋಡುವುದನ್ನು ಮರೆಯಬೇಡಿ. ಆ ಋತುವಿನ ಸಾಮಾನು ಇರುವುದು ಅಲ್ಲಿ, ಅಚ್ಚಾದ ಮೆನುವಿನಲ್ಲಲ್ಲ.

ಕ್ರಮ ಎಂದರೆ ಹಗುರದಿಂದ ಭಾರಕ್ಕೆ. ಮೊದಲು ಸೀಗಡಿ, ಎಬಿ. ಅಂಗಡಿಯ ಕೈ ಹೇಗಿದೆ ಎಂದು ಅದರಲ್ಲೇ ಗೊತ್ತಾಗುತ್ತದೆ. ಸೀಗಡಿ ನೆಟ್ಟಗಿರುವುದು ತಾನಾಗಿ ಅಲ್ಲ. ಹೊಟ್ಟೆಯ ಕಡೆ ಮೂರ್ನಾಲ್ಕು ಅಡ್ಡ ಗೀರು ಹಾಕಿ, ಬೆರಳಿನಿಂದ ಒತ್ತಿ ನಾರು ಬಿಡಿಸಿರುತ್ತಾರೆ. ಬಾಲದ ತುದಿ ಕತ್ತರಿಸಿ ಒಳಗಿನ ನೀರನ್ನು ಚಾಕುವಿನಿಂದ ಕೆರೆದು ತೆಗೆದಿರುತ್ತಾರೆ, ಇಲ್ಲದಿದ್ದರೆ ಎಣ್ಣೆ ಸಿಡಿಯುತ್ತದೆ. ಒಳ್ಳೆಯ ಸೀಗಡಿಯನ್ನು ಕಚ್ಚಿದರೆ ನಡುವೆ ಒಂದು ಎಳೆಯಷ್ಟು ಅರೆಪಾರದರ್ಶಕ ಉಳಿದಿರುತ್ತದೆ. ಬಾಲ ತಿನ್ನಬಹುದು, ಬಿಟ್ಟರೂ ತಪ್ಪಿಲ್ಲ.

ಆಮೇಲೆ ಕಿಸು. ಕರಾವಳಿಯವರಾದರೆ ಇದನ್ನು ತಪ್ಪಿಸಲೇಬೇಡಿ, ಏಕೆಂದರೆ ಇದು ನಮ್ಮ ಕಾಣೆ ಮೀನಿನ ಕುಲದ್ದೇ. ಎರಡೂ ಸಿಲ್ಲಾಗೊ ಎಂಬ ಒಂದೇ ಗುಂಪಿಗೆ ಸೇರಿದವು. ಮಂಗಳೂರಿನಲ್ಲಿ ಮಸಾಲೆ ಹಚ್ಚಿ ರವೆಯಲ್ಲಿ ಹೊರಳಿಸಿ ಕರಿಯುವುದನ್ನು ಅಲ್ಲಿ ಬೆನ್ನಿನಿಂದ ಸೀಳಿ, ಮುಳ್ಳು ತೆಗೆದು, ಚಿಟ್ಟೆಯ ಹಾಗೆ ಬಿಡಿಸಿ ಬರಿಯ ತೆಳು ಹಿಟ್ಟಿನಲ್ಲಿ ಕರಿಯುತ್ತಾರೆ. ಮಸಾಲೆ ಇಲ್ಲದಾಗ ಆ ಮೀನಿನ ನಿಜವಾದ ಸಿಹಿ ಎಷ್ಟು ಎಂದು ತಿಳಿಯುತ್ತದೆ. ಇದಕ್ಕೆ ಉಪ್ಪೇ ಸರಿ. ಇಕಾ, ಅಂದರೆ ಬೊಂಡಾಸ್, ದಪ್ಪ ತುಂಡು ಆದರೂ ಮೆತ್ತಗಿರಬೇಕು. ರಬ್ಬರಿನಂತೆ ಎಳೆದರೆ ಹೆಚ್ಚು ಹೊತ್ತು ಕರಿದಿದ್ದಾರೆ ಎಂದರ್ಥ. ಅನಾಗೊ ಎಂಬ ಸಮುದ್ರದ ಹಾವುಮೀನು ಕೊಬ್ಬಿನದು, ಉದ್ದ, ಬೆಲೆಯೂ ಹೆಚ್ಚು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಕೋಳಿ ಬೇಕಾದರೆ ತೊರಿತೆನ್ ಕೇಳಿ. ಕ್ಯೂಶೂ ದ್ವೀಪದ ಓಯಿತಾ ಕಡೆಯ ತಿನಿಸು, ಹುಳಿಯ ಪೊನ್‌ಜು ರಸ ಮತ್ತು ಸಾಸಿವೆಯ ಜೊತೆ.

ತರಕಾರಿಗಳನ್ನು ಬರಿಯ ಜೊತೆಗಾರರೆಂದು ತಿಳಿಯಬೇಡಿ. ತಾವರೆ ಬೇರು, ರೆಂಕೊನ್, ಮುರಿದಾಗ ಕಟ್ ಎನ್ನಬೇಕು. ಸಿಹಿಗೆಣಸು 160 ಡಿಗ್ರಿಯ ಸುಮಾರು ಎಣ್ಣೆಯಲ್ಲಿ ನಿಧಾನವಾಗಿ ಬೇಯಬೇಕು, ಹೋಳು ದಪ್ಪವಾದಷ್ಟೂ ಹೊತ್ತು ಹೆಚ್ಚು. ಅವಸರ ಮಾಡಿದವನ ಗೆಣಸು ಹಿಟ್ಟುಹಿಟ್ಟಾಗಿ ಉಳಿಯುತ್ತದೆ, ತಾಳ್ಮೆ ಇದ್ದವನದು ಕೆನೆಯಾಗುತ್ತದೆ. ಆದ್ದರಿಂದ ಅದನ್ನು ಮೊದಲ ಸುತ್ತಿನಲ್ಲೇ ಹೇಳಿಬಿಡಿ, ಬರುವುದು ತಡವಾಗಿಯೇ. ಮೈತಾಕೆ ಅಣಬೆಯ ಅಂಚುಗಳು ಹಪ್ಪಳವಾಗಿ, ಬುಡ ರಸಭರಿತವಾಗಿರುತ್ತದೆ. ನನ್ನ ಮಟ್ಟಿಗೆ ಮೀನೂ ಸೇರಿ ಇಡೀ ಮೆನುವಿನಲ್ಲಿ ಅದಕ್ಕೇ ಮೊದಲ ಸ್ಥಾನ. ಶಿಸೊ ಎಲೆಗೆ ಒಂದೇ ಬದಿಗೆ ಹಿಟ್ಟು ಹಚ್ಚಿ ಅರ್ಧ ನಿಮಿಷದೊಳಗೆ ತೆಗೆಯುತ್ತಾರೆ, ಎಲೆಯ ಹಸಿರು ಹಾಗೇ ಕಾಣಬೇಕು. ವಸಂತದಲ್ಲಿ ಹೋದರೆ ತಾರಾನೊಮೆ, ಫುಕಿನೊತೊ ಎಂಬ ಕಾಡುಚಿಗುರುಗಳ ಕಹಿಯನ್ನು ನೋಡಿ. ಬೇಸಿಗೆಯಲ್ಲಿ ಜೋಳ, ಬೆಂಡೆ. ಶರತ್ಕಾಲದಲ್ಲಿ ಗಿಂಕೊ ಬೀಜ. ಒಸಾಕಾ ಕಡೆ ಎಲ್ಲೆಲ್ಲೂ ಸಿಗುವುದು ಬೆನಿ ಶೊಗಾ: ಕೆಂಪಗೆ ಉಪ್ಪಿನಕಾಯಿ ಹಾಕಿದ ಶುಂಠಿಯ ಅಗಲ ಹೋಳಿಗೆ ಹಿಟ್ಟು ಹಚ್ಚಿ ಕರಿದದ್ದು. ಅದರಲ್ಲೇ ಉಪ್ಪು, ಹುಳಿ, ಖಾರ ಎಲ್ಲ ಇದೆ, ಏನೂ ಹಚ್ಚಿಕೊಳ್ಳುವುದು ಬೇಡ.

ಕೊನೆಗೆ ಕಾಕಿಯಾಗೆ. ಈರುಳ್ಳಿ, ಕ್ಯಾರೆಟ್, ಸಣ್ಣ ಸೀಗಡಿಗಳನ್ನು ಹಿಟ್ಟಿನಲ್ಲಿ ಕೂಡಿಸಿ ಒಂದು ಗುಂಡನೆ ಕಟ್ಟು ಮಾಡಿ ಕರಿಯುತ್ತಾರೆ. ಇದನ್ನು ಇಡಿಯಾಗಿ ತಿನ್ನುವ ಕಡ್ಡಿಯಿಂದ (ಚಾಪ್‌ಸ್ಟಿಕ್) ಎತ್ತಿ ಕಚ್ಚಲು ಹೋಗಬೇಡಿ, ತಟ್ಟೆಯಲ್ಲೇ ಕಡ್ಡಿಯಿಂದ ಮುರಿದು ತಿನ್ನಿ. ನಡುವೆ ಹಸಿ ಹಿಟ್ಟು ಅಂಟಂಟಾಗಿದ್ದರೆ ಹಿಟ್ಟು ಹೆಚ್ಚಾಗಿದೆ ಅಥವಾ ಎಣ್ಣೆ ತೀರ ಬಿಸಿಯಿತ್ತು, ಹೊರಗೆ ಬೇಗ ಕೆಂಪಾಗಿ ಒಳಗೆ ಬೇಯಲಿಲ್ಲ. ಹೊಟ್ಟೆಯಲ್ಲಿ ಇನ್ನೂ ಜಾಗ ಇದ್ದರೆ ಕಾಕಿಯಾಗೆಯನ್ನು ಅನ್ನದ ಮೇಲಿಟ್ಟು ಬಿಸಿ ಚಹಾ ಅಥವಾ ದಾಶಿ ಎಂಬ ತಿಳಿ ಸಾರು ಸುರಿದ ತೆನ್‌ಚಾ ಕೇಳಬಹುದು. ಮೆತ್ತಗಾಗುವುದೇ ಅದರ ರುಚಿ. ಒಟ್ಟು ಲೆಕ್ಕ: ಅನ್ನ ಇಲ್ಲದೆ ಬರಿಯ ತೆಂಪುರಾ, ಎರಡು ಪಾನೀಯ ಎಂದರೆ ಒಬ್ಬರಿಗೆ ಆರರಿಂದ ಎಂಟು ತುಂಡು ಸಾಕು.

ಉಪ್ಪೋ ಸಾರೋ? ಹಿಂದಿನಿಂದ ಟೋಕಿಯೊ ಕಡೆ ಎಳ್ಳೆಣ್ಣೆಯಲ್ಲಿ ಕರಿದು ತೆನ್‌ತ್ಸುಯು ರಸಕ್ಕೆ ಅದ್ದುವುದು, ಒಸಾಕಾ, ಕ್ಯೋಟೊ ಕಡೆ ವಾಸನೆಯಿಲ್ಲದ ತಿಳಿ ಎಣ್ಣೆಯಲ್ಲಿ ಕರಿದು ಉಪ್ಪು ಹಚ್ಚುವುದು ಎಂಬ ರೂಢಿ. ಈಗ ಎರಡೂ ಕಡೆ ಎರಡೂ ಕೊಡುತ್ತಾರೆ. ನೀವು ತುಂಡನ್ನು ನೋಡಿ ನಿರ್ಧರಿಸಿ. ಎಲೆ, ಅಣಬೆ, ಬಿಳಿಮೀನು, ಬೊಂಡಾಸ್‌ನಂಥ ನಯವಾದವಕ್ಕೆ ಉಪ್ಪು. ಬದನೆ, ಅನಾಗೊ, ಕಾಕಿಯಾಗೆಯಂಥ ಎಣ್ಣೆ ಹಿಡಿಯುವ ಅಥವಾ ಕೊಬ್ಬಿರುವವಕ್ಕೆ ರಸ. ಉಪ್ಪಿನ ಬಟ್ಟಲಿಗೆ ತುಂಡನ್ನು ಒತ್ತಬೇಡಿ, ಬಹಳ ಹತ್ತಿಕೊಳ್ಳುತ್ತದೆ. ಬೆರಳಲ್ಲಿ ಚಿಟಿಕೆ ತೆಗೆದು ಮೇಲೆ ಉದುರಿಸಿ. ತೆನ್‌ತ್ಸುಯು ಮಾಡುವ ಸಾಮಾನ್ಯ ಅಳತೆ ದಾಶಿ ನಾಲ್ಕು ಭಾಗ, ಮಿರಿನ್ ಎಂಬ ಅಡುಗೆಯ ಸಿಹಿ ಮದ್ಯ ಒಂದು, ಸೋಯಾ ಸಾಸ್ ಒಂದು. ಜೊತೆಗೆ ಬರುವ ಮೂಲಂಗಿ ತುರಿಯನ್ನು ಪೂರ್ತಿ ರಸಕ್ಕೆ ಸುರಿದರೆ ರಸ ನೀರಾಗುತ್ತದೆ. ಅರ್ಧ ಹಾಕಿ, ಉಳಿದದ್ದನ್ನು ಬೇಕಾದಂತೆ ತುಂಡಿನ ಮೇಲೆ ಇಟ್ಟುಕೊಳ್ಳಿ. ಅದ್ದುವಾಗ ತುದಿಯ ಮೂರನೇ ಒಂದು ಭಾಗ, ಒಂದು ಕ್ಷಣ. ಮುಳುಗಿಸಿ ಬಿಟ್ಟರೆ ಕರಿದವರ ಶ್ರಮ ರಸದ ಪಾಲು. ರಸದ ಬಟ್ಟಲನ್ನು ಕೈಯಲ್ಲಿ ಎತ್ತಿ ಹಿಡಿದುಕೊಳ್ಳುವುದು ಅಲ್ಲಿ ಸರಿಯಾದ ಕ್ರಮವೇ. ತುಂಡು ದೊಡ್ಡದಾದರೆ ಎರಡು ಮೂರು ಕಚ್ಚಿಗೆ ಮುಗಿಸಿ. ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ನಿಮ್ಮ ಕಡ್ಡಿಯಿಂದ ಹೆಂಡತಿಯ ಕಡ್ಡಿಗೆ ತುಂಡು ದಾಟಿಸಬೇಡಿ. ಎರಡೂ ಸಾವಿನ ಮನೆಯ ಕ್ರಿಯೆಗೆ ಸೇರಿದವು.

ಅಂಗಡಿ ಒಳ್ಳೆಯದೇ ಎಂದು ತಿಳಿಯುವುದು ಹೇಗೆ? ಬಾಣಲೆ ನೋಡಿ. ಎಣ್ಣೆಯ ಮೇಲ್ಮೈ ಅರ್ಧಕ್ಕಿಂತ ಹೆಚ್ಚು ತುಂಬದಂತೆ ಹಾಕುತ್ತಿದ್ದರೆ ಒಳ್ಳೆಯ ಲಕ್ಷಣ. ತುಂಬ ಹಾಕಿದರೆ ಎಣ್ಣೆಯ ಬಿಸಿ ಇಳಿದು ಹೊದಿಕೆ ಬಿಳಿಚಿಕೊಂಡು ಜಿಡ್ಡಾಗುತ್ತದೆ. ಬಿಸಿ ನೋಡಲು ಒಂದು ಹನಿ ಹಿಟ್ಟು ಬಿಡುತ್ತಾರೆ: ತಳಕ್ಕೆ ಹೋಗಿ ನಿಧಾನವಾಗಿ ಎದ್ದರೆ ಸುಮಾರು 160 ಡಿಗ್ರಿ, ನಡುಮಟ್ಟಕ್ಕೆ ಇಳಿದು ಎದ್ದರೆ 170ರಿಂದ 180, ಮೇಲೆಯೇ ಚದುರಿದರೆ 190 ದಾಟಿದೆ. ತರಕಾರಿಗೆ 160, 170; ಮೀನಿಗೆ, ಸೀಗಡಿಗೆ 180. ಉದುರಿದ ಹಿಟ್ಟಿನ ಕಾಳನ್ನು ಜಾಲರಿಯಿಂದ ಆಗಾಗ ತೆಗೆಯುತ್ತಿರಬೇಕು, ಬಿಟ್ಟರೆ ಅದು ಸೀದು ಎಣ್ಣೆ ಕೆಡಿಸುತ್ತದೆ. ಕರಿದದ್ದನ್ನು ಎತ್ತಿದ ಮೇಲೂ ನೊರೆ ಆರದೆ ನಿಂತಿದ್ದರೆ, ಮೂಗಿಗೆ ಮುಗ್ಗು ವಾಸನೆ ಹೊಡೆದರೆ, ಎಣ್ಣೆ ಹಳತು. ಕಚ್ಚಿದಾಗ ಹೊದಿಕೆ ಒಂದು ಕಡೆ, ಬದನೆ ಒಂದು ಕಡೆ ಕಳಚಿ ಬಂದರೆ, ತೇವ ಒರೆಸದೆ, ಒಣಹಿಟ್ಟು ಸವರದೆ ಅದ್ದಿದ್ದಾರೆ. ಪ್ಯಾಕೆಟ್ಟಿನ ತೆಂಪುರಾ ಹಿಟ್ಟು ಬಳಸುವುದನ್ನು ಕಂಡರೆ ಬೇಸರ ಬೇಡ. ಅದರಲ್ಲಿ ಪಿಷ್ಟ, ಬೇಕಿಂಗ್ ಪೌಡರ್ ಇರುವುದರಿಂದ ಗರಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ, ಜನ ತುಂಬಿದ ಬಾರಿಗೆ ಅದು ನ್ಯಾಯವಾದ ಆಯ್ಕೆ.

ಇನ್ನು ನಿಮ್ಮ ಮನೆಯವರ ಊಟ. ಇಲ್ಲಿ ಮುಚ್ಚುಮರೆ ಇಲ್ಲದೆ ಹೇಳಬೇಕು: ಮೊಟ್ಟೆಯೂ ಬೇಡ ಎನ್ನುವವರಿಗೆ ಸಾಮಾನ್ಯ ತೆಂಪುರಾ ಬಾರು ಹೊಂದುವುದಿಲ್ಲ. ಮೆನುವಿನಲ್ಲಿ ಅರ್ಧದಷ್ಟು ತರಕಾರಿ ಕಂಡು ಮೋಸ ಹೋಗುವುದು ಸುಲಭ. ಬಟ್ಟಲಿನ ಹಿಟ್ಟಿನಲ್ಲಿ ಬಹುತೇಕ ಮೊಟ್ಟೆ ಇರುತ್ತದೆ, ಎಲ್ಲ ತುಂಡಿಗೂ ಅದೇ ಹಿಟ್ಟು, ಒಬ್ಬರಿಗಾಗಿ ಬೇರೆ ಕಲಸುವ ಪುರುಸೊತ್ತು ಅಲ್ಲಿಲ್ಲ. ಪ್ಯಾಕೆಟ್ ಹಿಟ್ಟಿನಲ್ಲೂ ಮೊಟ್ಟೆಯ ಪುಡಿ ಇರಬಹುದು. ಎಣ್ಣೆ ಸಸ್ಯದ್ದೇ (ಬ್ರೆಡ್ ಪುಡಿ ಹಚ್ಚಿ ಕರಿಯುವ ಕಾತ್ಸು ಅಂಗಡಿಗಳಲ್ಲಿ ಕೆಲವು ಕಡೆ ಹಂದಿಯ ಕೊಬ್ಬು ಬಳಸುತ್ತಾರೆ, ತೆಂಪುರಾಕ್ಕೆ ಆ ರೂಢಿ ಇಲ್ಲ), ಆದರೆ ಸೀಗಡಿ ಕರಿದ ಬಾಣಲೆಯಲ್ಲೇ ಕುಂಬಳವೂ ಬೀಳುತ್ತದೆ. ತೆನ್‌ತ್ಸುಯು ರಸದ ದಾಶಿ ಎಂದರೆ ಕೊಂಬು ಎಂಬ ಕಡಲಪಾಚಿ ಮತ್ತು ಒಣಗಿಸಿದ ಬೊನಿಟೊ ಮೀನಿನ ಚೂರಿನ ಸಾರು. ಮಿಸೊ ಸೂಪಿನಲ್ಲೂ ಅದೇ, ತೆನ್‌ದೊನ್ ಮೇಲೆ ಸುರಿಯುವ ರಸದಲ್ಲೂ ಬಹಳ ಸಲ ಅದೇ. ಚಿಕುವಾ ಎಂಬ ಟೊಳ್ಳು ಕೊಳವೆ ನೋಡಲು ತರಕಾರಿಯಂತಿದ್ದರೂ ಅರೆದ ಮೀನಿನದು. ಆಸ್ಪರಾಗಸ್, ಟೊಮೇಟೊ ಹೆಸರಿನ ಪಕ್ಕ ‘ಮಾಕಿ’ ಎಂದಿದ್ದರೆ ಮಾಂಸ ಸುತ್ತಿರಬಹುದು, ಕೇಳಿ ನೋಡಿ. ಕಾಕಿಯಾಗೆಯಲ್ಲಿ ಸೀಗಡಿ ಇರುವುದೇ ಹೆಚ್ಚು.

ಹಾಗಾದರೆ ದಾರಿ? ಒಂದೇ ಬಾಣಲೆಯ ಎಣ್ಣೆಯನ್ನು ಸಹಿಸಿಕೊಳ್ಳುವವರಾದರೆ, ಮೊದಲೇ ಹೋಟೆಲಿನ ಸ್ವಾಗತದವರಿಂದ ಬಾರಿಗೆ ಫೋನ್ ಮಾಡಿಸಿ ಹಿಟ್ಟಿನಲ್ಲಿ ಮೊಟ್ಟೆ ಇದೆಯೇ ಎಂದು ಕೇಳಿಸಿ. ಹಿಟ್ಟು ಮತ್ತು ನೀರು ಮಾತ್ರ ಬಳಸುವ ಅಂಗಡಿಗಳೂ ಇವೆ. ಅಂಥದು ಸಿಕ್ಕರೆ ಉಪ್ಪಿನ ಜೊತೆ ಮೈತಾಕೆ, ರೆಂಕೊನ್, ಸಿಹಿಗೆಣಸು, ಶಿಸೊ, ನೊರಿ ಎಂಬ ಕಡಲಪಾಚಿಯ ಹಾಳೆ ಎಲ್ಲ ತಿನ್ನಬಹುದು, ರಸದ ಬಟ್ಟಲನ್ನು ದೂರ ಇಟ್ಟರಾಯಿತು. ‘ಯಸಾಯ್ ದಾಕೆ’ ಎಂದರೆ ತರಕಾರಿ ಮಾತ್ರ. ಆದರೆ ‘ಸಸ್ಯಾಹಾರಿ’ ಎಂಬ ಒಂದು ಮಾತನ್ನು ನಂಬಿ ಕೂರಬೇಡಿ, ಮೀನಿನ ಸಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಬಹಳ. ಮಾಂಸ, ಮೀನು, ಸೀಗಡಿ, ಮೊಟ್ಟೆ, ದಾಶಿ ಐದನ್ನೂ ಹೆಸರಿಟ್ಟು ಬೇಡ ಎಂದು ಬರೆದ ಜಪಾನಿ ಚೀಟಿಯನ್ನು ಫೋನಿನಲ್ಲಿ ಇಟ್ಟುಕೊಂಡು ತೋರಿಸಿ. ಎಣ್ಣೆಯೂ ಬೇರೆಯೇ ಆಗಬೇಕಾದರೆ ಬಾರಿನ ಆಸೆ ಬಿಟ್ಟು, ಬೌದ್ಧ ಮಠಗಳ ಶೊಜಿನ್ ಅಡುಗೆ ಅಥವಾ ವೀಗನ್ ಎಂದು ಸ್ಪಷ್ಟವಾಗಿ ಬರೆದ ಅಂಗಡಿಗೆ ಕರೆದುಕೊಂಡು ಹೋಗಿ. ಶೊಜಿನ್ ಪದ್ಧತಿಯಲ್ಲಿ ಮೊಟ್ಟೆ ಹಾಕದ ಹಿಟ್ಟಿನಲ್ಲಿ ತರಕಾರಿ ಕರಿಯುವುದು ಹಳೆಯ ರೂಢಿ, ಅದಕ್ಕೆ ಶೊಜಿನ್‌ಆಗೆ ಎಂದೇ ಹೆಸರು. ಒಸಾಕಾದಿಂದ ಕ್ಯೋಟೊ ರೈಲಿನಲ್ಲಿ ಅರ್ಧ ಗಂಟೆ. ಅಲ್ಲಿ ಯುಬಾ ಎಂಬ ಸೋಯಾ ಹಾಲಿನ ಕೆನೆ, ನಾಮಾಫು ಎಂಬ ಗೋಧಿಸತ್ವವನ್ನೂ ಕರಿದು ಕೊಡುವ ಕಡೆಗಳಿವೆ. ಅವರಿಗೆ ಊಟ ಅಲ್ಲಿ ಆಗಲಿ, ಬಾರಿನಲ್ಲಿ ನಿಮಗೆ ಜೊತೆಗಾಗಿ ಒಂದು ಪಾನೀಯ, ಎದಮಾಮೆ ಎಂಬ ಬೇಯಿಸಿದ ಹಸಿ ಸೋಯಾಕಾಯಿ ಸಾಕು. ಅರೆಮನಸ್ಸಿನಿಂದ ತಿಂದು ಆಮೇಲೆ ಸಂಕಟಪಡುವುದಕ್ಕಿಂತ ಅದು ಎಷ್ಟೋ ಮೇಲು.

ಬಿಲ್ಲಿನ ಅಂದಾಜು: ತರಕಾರಿ ತುಂಡು 100ರಿಂದ 200 ಯೆನ್, ಸೀಗಡಿ, ಕಿಸು 200ರಿಂದ 350, ಅನಾಗೊ 400ರ ಮೇಲೆ, ಪಾನೀಯ 400ರಿಂದ 600. ಒಬ್ಬರಿಗೆ 2,500ರಿಂದ 3,500 ಯೆನ್ ಹಿಡಿದರೆ ಸಾಕು. ಕೂತು ತಿಂದರೆ ತೆರಿಗೆ ಶೇಕಡಾ 10, ಕಟ್ಟಿಸಿಕೊಂಡು ಹೋದರೆ 8. ಮೆನುವಿನಲ್ಲಿ ಎರಡು ಬೆಲೆ ಬರೆದಿದ್ದರೆ ದೊಡ್ಡದೇ ನೀವು ಕೊಡುವ ಬೆಲೆ. ಕೆಲವು ತಾಚಿನೊಮಿಗಳಲ್ಲಿ ಕೌಂಟರಿನ ಬಟ್ಟಲಲ್ಲಿ ನೋಟು ಇಟ್ಟರೆ ಪ್ರತಿ ಸಲ ಅದರಿಂದಲೇ ತೆಗೆದುಕೊಂಡು ಚಿಲ್ಲರೆ ಹಾಕುತ್ತಾರೆ. ಕಾರ್ಡು ನಡೆಯದ ಅಂಗಡಿಗಳು ಇನ್ನೂ ಇವೆ, ನಗದು ಇಟ್ಟುಕೊಳ್ಳಿ. ‘ಒಕಾಯ್ಕೆಯ್ ಒನೆಗಾಯ್ ಶಿಮಾಸು’ ಎಂದರೆ ಬಿಲ್ಲು ಕೊಡುತ್ತಾರೆ. ಟಿಪ್ಸ್ ಇಡಬೇಡಿ, ಮರೆತು ಹೋದಿರಿ ಎಂದು ಹಿಂದೆಯೇ ಓಡಿ ಬಂದು ಕೊಡುತ್ತಾರೆ. ಹೊರಗೆ ಜನ ಕಾಯುತ್ತಿದ್ದರೆ ಒಂದು ಗಂಟೆಯೊಳಗೆ ಏಳುವುದು ಮರ್ಯಾದೆ. ಉಳಿದದ್ದನ್ನು ಕಟ್ಟಿಕೊಡಿ ಎಂದು ಕೇಳಿದರೆ ಬಹುತೇಕ ಕಡೆ ಆಗುವುದಿಲ್ಲ ಎನ್ನುತ್ತಾರೆ, ಹಾಗಾಗಿ ಹಸಿವಿಗಿಂತ ಒಂದು ತುಂಡು ಕಡಿಮೆಯೇ ಹೇಳಿ. ಬೇಕೆನಿಸಿದರೆ ಇನ್ನೊಂದು ನಾಲ್ಕು ನಿಮಿಷದಲ್ಲಿ ಬಿಸಿಬಿಸಿಯಾಗಿ ಬರುತ್ತದೆ.